ಗುಣವಾಗುವುದು, ಗೊತ್ತಾಗುವುದು

ನನ್ನ ಸೋದರತ್ತೆಗೆ ಮೊದಲು ಕಂಡದ್ದು ಒಂದು ಸೊಳ್ಳೆ. ಶಿವಮೊಗ್ಗದ ಮನೆಯಲ್ಲಿ ಬೆಳಗ್ಗೆ ಪೇಪರ್ ಓದುತ್ತಾ ಕೂತಿದ್ದವರು ಎದ್ದು ಹೋಗಿ ಸೊಳ್ಳೆ ಬ್ಯಾಟ್ ತಂದು ಬೀಸಿದರಂತೆ. ಚಟ್ ಎನ್ನಲಿಲ್ಲ. ಮತ್ತೆ ಬೀಸಿದರು. ಬಲಗಣ್ಣು ಮುಚ್ಚಿದರೆ ಸೊಳ್ಳೆ ಮಾಯ, ತೆರೆದರೆ ಹಾಜರು. ಅವರಿಗೆ ಆಗ 64 ವರ್ಷ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವರು. ‘ಉತ್ತರ ಸರಿ ಬಂದರೆ ಸಾಲದು, ಹಂತ ತೋರಿಸು’ ಎಂದು ನನ್ನ ಬೆನ್ನಿಗೂ ಒಂದೆರಡು ಬಿಟ್ಟವರು. ಪಕ್ಕದ ಮನೆಯವನ ಉತ್ತರ ನೋಡಿ ಬರೆದರೂ ಸರಿಯಾಗಿಯೇ ಇರುತ್ತದಲ್ಲ, ಅದಕ್ಕೇ ಹಂತ ಬೇಕು ಎನ್ನುವುದು ಅವರ ವಾದ.

ಊರಿನ ಕಣ್ಣಿನ ವೈದ್ಯರು ದೀಪ ಹಾಕಿ ನೋಡಿ, ಕಣ್ಣಿನೊಳಗೆ ಉರಿಯೂತವಾಗಿದೆ, ಬಿಳಿ ರಕ್ತಕಣಗಳು ಸೇರಿಕೊಂಡಿವೆ ಎಂದರು. ಯುವಿಯೈಟಿಸ್ ಎಂಬ ಹೆಸರು ಚೀಟಿಯಲ್ಲಿ ಬಂತು. ಹನಿ ಔಷಧ, ಜೊತೆಗೆ ಸ್ಟಿರಾಯ್ಡ್ ಮಾತ್ರೆ. ಹತ್ತು ದಿನಕ್ಕೆ ಸೊಳ್ಳೆ ಹೋಯಿತು. ಅತ್ತೆ ಫೋನ್ ಮಾಡಿ, ‘ಕ್ಲೀನ್ ಕಣೋ, ಬೋರ್ಡ್ ಒರೆಸಿದ ಹಾಗೆ’ ಅಂದರು. ಮಾತ್ರೆಯ ಪ್ರಮಾಣ ಇಳಿಸುತ್ತಾ ಬಂದಂತೆ ಸೊಳ್ಳೆ ಮರಳಿತು. ಮತ್ತೆ ಏರಿಸಿದರು, ಮತ್ತೆ ಹೋಯಿತು. ಮೂರನೆಯ ಸಲ ಬಂದಾಗ ಸೊಳ್ಳೆಯ ಜಾಗದಲ್ಲಿ ಮಂಜು. ಕೈಮೇಲೆ ಚುಚ್ಚಿದ ಮ್ಯಾಂಟು ಪರೀಕ್ಷೆ ಊದಿಕೊಂಡಿತು. ಕ್ಷಯ ಇರಬಹುದೆಂದು ಅದರ ಮಾತ್ರೆಗಳೂ ಶುರುವಾದವು, ಸ್ಟಿರಾಯ್ಡ್ ಜೊತೆಯಲ್ಲೇ. ಮತ್ತೆ ಮಂಜು ತಿಳಿಯಾಯಿತು. ಈ ಸಲದ ಕೀರ್ತಿ ಕ್ಷಯದ ಮಾತ್ರೆಗೆ ಹೋಯಿತು.

ಹೀಗೆ ಒಂಬತ್ತು ತಿಂಗಳು. ಆಮೇಲೆ ಎಡಗಣ್ಣಿನಲ್ಲೂ ಮಂಜು ಕಟ್ಟತೊಡಗಿದಾಗ ಬೆಂಗಳೂರಿಗೆ ಕರೆದುಕೊಂಡು ಬಂದೆವು. ಅಲ್ಲಿನ ವೈದ್ಯೆ ಎಲ್ಲ ಚೀಟಿಗಳನ್ನೂ ತಾರೀಕಿನ ಪ್ರಕಾರ ಮೇಜಿನ ಮೇಲೆ ಹರಡಿ, ಬಹಳ ಹೊತ್ತು ಕಣ್ಣು ನೋಡಿ, ಒಂದೇ ಒಂದು ಮಾತು ಕೇಳಿದರು:

‘ಅಮ್ಮಾ, ಇಷ್ಟು ದಿನದಲ್ಲಿ ಒಮ್ಮೆಯಾದರೂ ಕಣ್ಣು ಕೆಂಪಾಗಿತ್ತಾ? ನೋವಿತ್ತಾ?’

‘ಇಲ್ಲ ಡಾಕ್ಟ್ರೇ.’

‘ಹಾಗಾದ್ರೆ ಸ್ಟಿರಾಯ್ಡ್ ಮಾತ್ರೆ ನಿಧಾನಕ್ಕೆ ಇಳಿಸಿ ನಿಲ್ಲಿಸೋಣ. ಪೂರ್ತಿ ನಿಂತ ಮೇಲೆ ಕನಿಷ್ಠ ಎರಡು ವಾರ ಕಾಯ್ಬೇಕು. ಆಮೇಲೆ ಕಣ್ಣೊಳಗಿನ ಲೋಳೆ ತೆಗೆದು ಪರೀಕ್ಷೆ ಮಾಡ್ತೀನಿ.’

‘ಗುಣ ಮಾಡೋ ಮಾತ್ರೇನೇ ಬಿಡು ಅಂತೀರಲ್ಲ?’

‘ಅದು ಗುಣ ಮಾಡ್ತಿರೋದ್ರಿಂದಾನೇ ಗೊತ್ತಾಗ್ತಿಲ್ಲ.’

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಬಳಲಿಕೆ ತಗ್ಗಿಸುವುದು ಒಳ್ಳೆಯದು, ನಿಜ ತಿಳಿಯುವುದೂ ಒಳ್ಳೆಯದು ಎಂದು ನಾವೆಲ್ಲ ನಂಬಿಕೊಂಡಿದ್ದೇವೆ. ಎರಡೂ ಒಂದೇ ದಾರಿಯಲ್ಲಿ ಹೋಗುತ್ತವೆ ಎಂದೂ ನಂಬಿಕೊಂಡಿದ್ದೇವೆ. ಮೊದಲನೆಯದು ಎರಡನೆಯದನ್ನು ತಿಂದುಹಾಕಿದರೆ ಏನು ಮಾಡಬೇಕು?

ಕಾಯಿಲೆಯ ಬಗ್ಗೆ ಸ್ವಲ್ಪ ಹೇಳದೆ ಮುಂದೆ ಹೋಗುವಂತಿಲ್ಲ. ಕಣ್ಣುಗುಡ್ಡೆಯ ಒಳಗೆ, ಮಸೂರದ ಹಿಂದೆ, ಸುಮಾರು 4 ಮಿಲಿಲೀಟರ್ ಪಾರದರ್ಶಕ ಲೋಳೆ ತುಂಬಿದೆ. ಮೊಟ್ಟೆಯ ಬಿಳಿಯ ಹಾಗೆ, ಬಹುಪಾಲು ನೀರೇ. ಅದಕ್ಕೆ ವಿಟ್ರಿಯಸ್ ಎನ್ನುತ್ತಾರೆ. ಅದರ ಹಿಂದಿನ ಪರದೆ ರೆಟಿನಾ. ಲಿಂಫೋಮಾ ಎಂದರೆ ಬಿಳಿ ರಕ್ತಕಣಗಳ ಒಂದು ಜಾತಿಯಾದ ಲಿಂಫೋಸೈಟ್‌ಗಳ ಕ್ಯಾನ್ಸರ್. ಸಾಮಾನ್ಯವಾಗಿ ದುಗ್ಧಗ್ರಂಥಿಗಳಲ್ಲಿ ಗಂಟಾಗಿ ತೋರುವಂಥದ್ದು. ಅಪರೂಪಕ್ಕೆ, ಹೆಚ್ಚಾಗಿ 50 ದಾಟಿದವರಲ್ಲಿ, ಅದು ದೇಹದಲ್ಲಿ ಬೇರೆಲ್ಲೂ ಕಾಣಿಸಿಕೊಳ್ಳದೆ ನೇರ ಈ ಲೋಳೆಯಲ್ಲಿ ಮತ್ತು ರೆಟಿನಾದಲ್ಲಿ ಶುರುವಾಗುತ್ತದೆ. ಮೊದಲು ಒಂದು ಕಣ್ಣು, ಬಹಳಷ್ಟು ಜನರಲ್ಲಿ ಆಮೇಲೆ ಇನ್ನೊಂದು. ರೆಟಿನಾ ಎನ್ನುವುದು ಭ್ರೂಣದಲ್ಲಿ ಮಿದುಳಿನಿಂದಲೇ ಚಾಚಿಕೊಂಡು ಬೆಳೆದ ಭಾಗ. ಈ ಕಾಯಿಲೆ ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, ತಿಂಗಳುಗಳಲ್ಲೋ ವರ್ಷಗಳಲ್ಲೋ, ಮಿದುಳಿನಲ್ಲೂ ಅದೇ ಕಾಣಿಸಿಕೊಳ್ಳುತ್ತದೆ. ಹೀಗಾಗಿ ಹೆಸರು ಗೊತ್ತಾಗುವುದು ಬರೀ ಕುತೂಹಲದ ವಿಷಯವಲ್ಲ.

ಇಂಥ ಕಾಯಿಲೆಗಳಿಗೆ ವೈದ್ಯರು ‘ಮಾಸ್ಕರೇಡ್’ ಎನ್ನುತ್ತಾರೆ, ವೇಷ ಹಾಕಿಕೊಂಡದ್ದು ಎಂಬ ಅರ್ಥದಲ್ಲಿ. 1967ರಲ್ಲಿ ಫ್ರೆಡರಿಕ್ ಥಿಯೋಡೋರ್ ಎಂಬ ಅಮೆರಿಕದ ವೈದ್ಯರು, ಸಾಮಾನ್ಯ ‘ಕಣ್ಣು ಬರುವುದು’ ಎಂದು ತೋರುತ್ತಾ ಒಳಗೆ ಕ್ಯಾನ್ಸರ್ ಆಗಿದ್ದ ಪ್ರಕರಣಗಳಿಗೆ ಈ ಪದ ಬಳಸಿದರು. ಆಮೇಲೆ ಅದು ಕಣ್ಣೊಳಗಿನ ಲಿಂಫೋಮಾಕ್ಕೆ ಎಷ್ಟು ಚೆನ್ನಾಗಿ ಅಂಟಿಕೊಂಡಿತೆಂದರೆ, ಈಗ ಆ ಪದ ಕೇಳಿದರೆ ಕಣ್ಣಿನ ವೈದ್ಯರಿಗೆ ಮೊದಲು ನೆನಪಾಗುವುದು ಇದೇ. ವೇಷ ಸುಳ್ಳೇ ಸುಳ್ಳು ಎನ್ನುವಂತಿಲ್ಲ. ಲಿಂಫೋಮಾದ ಕೋಶಗಳ ಜೊತೆಗೆ ಅವುಗಳಿಗೆ ಪ್ರತಿಕ್ರಿಯೆಯಾಗಿ ಬಂದ ನಿಜವಾದ ಉರಿಯೂತದ ಕೋಶಗಳೂ ಅಲ್ಲಿರುತ್ತವೆ. ಊರಿನ ವೈದ್ಯರು ಕಂಡದ್ದು ಇದ್ದದ್ದನ್ನೇ. ಸ್ಟಿರಾಯ್ಡ್ ಉರಿಯೂತವನ್ನು ಇಳಿಸುತ್ತದೆ. ಅಷ್ಟೇ ಅಲ್ಲ, ಲಿಂಫೋಸೈಟ್‌ಗಳನ್ನೂ ಕೊಲ್ಲುತ್ತದೆ. ಲಿಂಫೋಮಾದ ಚಿಕಿತ್ಸೆಯಲ್ಲಿ ಅದಕ್ಕೂ ಒಂದು ಪಾತ್ರವಿದೆ. ಅಂದರೆ ಅತ್ತೆಗೆ ಆದ ಗುಣ ಭ್ರಮೆಯಾಗಿರಲಿಲ್ಲ. ಔಷಧ ಕೆಲಸ ಮಾಡುತ್ತಿತ್ತು. ತಾನು ಯಾವ ಶತ್ರುವಿನ ಮೇಲೆ ಕೆಲಸ ಮಾಡುತ್ತಿದ್ದೇನೆಂದು ಮಾತ್ರ ಹೇಳುತ್ತಿರಲಿಲ್ಲ. ಒಂದಿಷ್ಟು ಕೋಶಗಳನ್ನು ಕೊಂದು, ಉಳಿದವನ್ನು ಗುರುತು ಸಿಗದ ಹಾಗೆ ಕೆಡಿಸಿ, ಸಾಕ್ಷಿಯನ್ನು ಒರೆಸಿಹಾಕುತ್ತಿತ್ತು.

ಔಷಧ ಕೊಟ್ಟು ನೋಡಿ ರೋಗ ತಿಳಿಯುವುದು ಹೊಸ ಉಪಾಯವಲ್ಲ. ಆಯುರ್ವೇದದಲ್ಲಿ ರೋಗ ತಿಳಿಯುವ ಐದು ಸಾಧನಗಳನ್ನು ಹೇಳುತ್ತಾರೆ: ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ. ಇವುಗಳಲ್ಲಿ ಉಪಶಯ ಎಂದರೆ ಯಾವ ಔಷಧ, ಯಾವ ಆಹಾರ ಹಿತವಾಯಿತು ಎಂಬುದರಿಂದ ರೋಗ ಯಾವುದೆಂದು ಊಹಿಸುವುದು. ಲಕ್ಷಣ ಮುಚ್ಚಿಕೊಂಡ ರೋಗಗಳನ್ನು ಹೀಗೆ ಪರೀಕ್ಷಿಸಬೇಕೆಂದು ಚರಕಸಂಹಿತೆಯೇ ಹೇಳುತ್ತದೆ. ಇವತ್ತಿನ ವೈದ್ಯರೂ ಅದನ್ನೇ ಮಾಡುತ್ತಾರೆ. ‘ಇದನ್ನು ಐದು ದಿನ ತಗೊಂಡು ನೋಡಿ’ ಎನ್ನುವುದು ಉಪಶಯವೇ. ಎಷ್ಟೋ ಸಲ ಅದು ಸರಿ, ಅಗ್ಗ, ಯಾರಿಗೂ ತೊಂದರೆಯಿಲ್ಲ. ಒಂದೇ ಔಷಧ ಎರಡು ಬೇರೆ ರೋಗಗಳಿಗೂ ಹಿತವಾಗುವಾಗ ಮಾತ್ರ ಉಪಶಯ ಕೈಕೊಡುತ್ತದೆ. ಅತ್ತೆಯ ವಿಷಯದಲ್ಲಿ ಅದು ಎರಡು ಸಲ ಕೈಕೊಟ್ಟಿತು. ಮೊದಲು ಉರಿಯೂತ ಎನ್ನುವುದಕ್ಕೆ ಸಾಕ್ಷಿ ಹೇಳಿತು, ಆಮೇಲೆ ಕ್ಷಯ ಎನ್ನುವುದಕ್ಕೆ. ಕ್ಷಯದ ಮಾತ್ರೆ ಮತ್ತು ಸ್ಟಿರಾಯ್ಡ್ ಒಟ್ಟಿಗೆ ನುಂಗಿದ ಮೇಲೆ ಯಾವುದರಿಂದ ಏನಾಯಿತೆಂದು ಹೇಳುವುದು ಹೇಗೆ? ನಮ್ಮ ದೇಶದಲ್ಲಿ ಆರೋಗ್ಯವಾಗಿರುವ ಅದೆಷ್ಟೋ ಜನರ ಮ್ಯಾಂಟು ಪರೀಕ್ಷೆಯೂ ಊದಿಕೊಳ್ಳುತ್ತದೆ.

ಹಾಗಾದರೆ ಊರಿನ ವೈದ್ಯರು ತಪ್ಪು ಮಾಡಿದರೆ? ಆಗ ನನಗೆ ವಿಪರೀತ ಸಿಟ್ಟಿತ್ತು. ಒಂಬತ್ತು ತಿಂಗಳು ಕಳೆದುಹೋಯಿತಲ್ಲ ಎಂಬ ಸಿಟ್ಟು. ಓದುತ್ತಾ ಹೋದಂತೆ ಗೊತ್ತಾಯಿತು: ಇಂಥ ತಡ ಎಲ್ಲ ದೇಶಗಳಲ್ಲೂ ಆಗುತ್ತದೆ, ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲೂ ಆಗುತ್ತದೆ. ಕಣ್ಣೊಳಗೆ ಕಣಗಳು ಕಂಡ ಬಹುಪಾಲು ಜನರಿಗೆ ನಿಜವಾಗಿ ಉರಿಯೂತವೇ ಇರುತ್ತದೆ. ಅವರೆಲ್ಲರ ಕಣ್ಣಿಗೂ ಮೊದಲ ದಿನವೇ ಸೂಜಿ ಹಾಕಿದರೆ ಎಷ್ಟೋ ಒಳ್ಳೆಯ ಕಣ್ಣುಗಳು ಹಾಳಾಗುತ್ತವೆ. ಲೋಳೆ ತೆಗೆಯುವ ಶಸ್ತ್ರಚಿಕಿತ್ಸೆಯಿಂದ ಪೊರೆ ಬೇಗ ಬರುತ್ತದೆ. ರೆಟಿನಾ ಹರಿಯಬಹುದು, ಕಳಚಿಕೊಳ್ಳಬಹುದು. ಅಪರೂಪದ ರೋಗವನ್ನು ಮೊದಲು ಅನುಮಾನಿಸದಿರುವುದು ಅಜ್ಞಾನವಲ್ಲ, ಅದೂ ಒಂದು ಬಗೆಯ ಕರುಣೆ. ನಾವು ಕೊನೆಯ ಪುಟ ಓದಿ ಬಂದವರು. ಮೊದಲ ಪುಟದಲ್ಲಿದ್ದವರನ್ನು ನಿನಗೇಕೆ ತಿಳಿಯಲಿಲ್ಲ ಎಂದು ಗದರುವುದು ಸುಲಭ.

ಆದರೂ ಸಿಟ್ಟು ಪೂರ್ತಿ ಹೋಗಿಲ್ಲ. ಏಕೆಂದರೆ ಮೊದಲ ಸಲ ಗುಣವಾದದ್ದಕ್ಕೂ ಮೂರನೆಯ ಸಲ ಗುಣವಾದದ್ದಕ್ಕೂ ಒಂದೇ ಬೆಲೆಯಲ್ಲ. ಮಾತ್ರೆ ಇಳಿಸಿದಾಗಲೆಲ್ಲ ಮರಳಿ ಬರುವುದು, ಕಣ್ಣು ಬಿಳಿಯಾಗಿ ಶಾಂತವಾಗಿಯೇ ಉಳಿಯುವುದು, ಒಳಗೆ ಇಷ್ಟು ಮಂಜಿದ್ದರೂ ದೃಷ್ಟಿ ಅಷ್ಟೇನೂ ಕೆಟ್ಟಿಲ್ಲದಿರುವುದು, 64ನೇ ವಯಸ್ಸಿನಲ್ಲಿ ಮೊದಲ ಬಾರಿಗೆ ಉರಿಯೂತ ಬರುವುದು, ಇವೆಲ್ಲ ಒಂದೊಂದಾಗಿ ಏನೂ ಅಲ್ಲ. ಒಟ್ಟಿಗೆ ನೋಡಿದರೆ ಒಂದು ಪ್ರಶ್ನೆ. ಆ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಅದಕ್ಕೆ ಕಾರಣ ಅಲಕ್ಷ್ಯವೆಂದು ನನಗನ್ನಿಸುವುದಿಲ್ಲ. ಗುಣವಾದದ್ದನ್ನು ಅನುಮಾನಿಸುವ ಅಭ್ಯಾಸ ನಮಗಿಲ್ಲ, ಅಷ್ಟೇ. ಕೆಟ್ಟದ್ದಾದರೆ ಏಕೆಂದು ಕೇಳುತ್ತೇವೆ. ಒಳ್ಳೆಯದಾದರೆ ಪಾಯಸ ಮಾಡುತ್ತೇವೆ. ಅತ್ತೆಯೂ ಮಾಡಿದ್ದರು, ಎರಡು ಸಲ.

ಮಾತ್ರೆ ನಿಲ್ಲಿಸಿದ ವಾರಗಳು ಕೆಟ್ಟದಾಗಿದ್ದವು. ಇಲ್ಲಿನ ನೈತಿಕ ಲೆಕ್ಕ ವಿಚಿತ್ರ. ಬಳಲುತ್ತಿರುವ ಒಬ್ಬರಿಗೆ ಕೈಯಲ್ಲಿರುವ ಔಷಧವನ್ನು ಕೊಡದೆ ಕಣ್ಣು ಮಂಜಾಗುವುದನ್ನು ಕಾಯುತ್ತಾ ಕೂರಬೇಕು. ರೋಗ ಬೆಳೆದು ಕೈಗೆ ಸಿಗಲಿ ಎಂದು. ‘ನೀನು ನನ್ನನ್ನ ನೋಡೋಕೆ ಬರ್ತೀಯೋ, ಕಾಯಿಲೆ ಎಷ್ಟು ಬೆಳೀತು ಅಂತ ನೋಡೋಕೆ ಬರ್ತೀಯೋ?’ ಎಂದು ಅತ್ತೆ ಒಮ್ಮೆ ಕೇಳಿದರು. ನಕ್ಕುಬಿಟ್ಟೆ. ಉತ್ತರವಿರಲಿಲ್ಲ. ಆ ವೈದ್ಯೆ ಮಾಡಿದ್ದು ಸರಿ ಎಂದು ನನಗೆ ಈಗ ಅನ್ನಿಸುವುದು ಫಲಿತಾಂಶ ನೋಡಿ ಅಲ್ಲ. ಅವರು ಏಕೆ ನಿಲ್ಲಿಸುತ್ತೇವೆ, ಎಷ್ಟು ದಿನ, ನಿಲ್ಲಿಸಿದರೆ ಏನಾಗಬಹುದು, ಇಷ್ಟೆಲ್ಲ ಮಾಡಿಯೂ ಏನೂ ಸಿಗದೆ ಹೋಗಬಹುದು ಎಂಬುದನ್ನು ಮೊದಲೇ ಹೇಳಿದ್ದರು. ಹೇಳದೆ ಮಾಡಿದ್ದರೆ ಅದೇ ಕೆಲಸ ಕ್ರೌರ್ಯವಾಗುತ್ತಿತ್ತು.

ಪರೀಕ್ಷೆಯ ದಿನ ಕಣ್ಣಿನ ಬಿಳಿ ಭಾಗದಲ್ಲಿ ಮೂರು ಸಣ್ಣ ತೂತು ಮಾಡಿ, ಮೊದಲು ಸುಮಾರು 1 ಮಿಲಿಲೀಟರ್ ಲೋಳೆಯನ್ನು ನೀರು ಬೆರೆಯದ ಹಾಗೆ ತೆಗೆದರು. ಆಮೇಲೆ ಉಳಿದದ್ದು. ಈ ಕೋಶಗಳು ಬಹಳ ನಾಜೂಕು. ಹೊರಗೆ ಬಂದ ಮೇಲೆ ಬೇಗ ಕೆಡುತ್ತವೆ. ಕೆಟ್ಟ ಕೋಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಲಿಂಫೋಮಾವೋ ಬರೀ ಕಸವೋ ಹೇಳಲಾಗುವುದಿಲ್ಲ. ಲ್ಯಾಬು ಊರಿನ ಇನ್ನೊಂದು ತುದಿಯಲ್ಲಿತ್ತು. ಐಸ್ ಇಟ್ಟ ಥರ್ಮಾಕೋಲ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದವನು ನಾನು. ಒಂದು ಗಂಟೆ ಇಪ್ಪತ್ತು ನಿಮಿಷ. ಸಿಗ್ನಲಿನಲ್ಲಿ ನಿಂತಾಗಲೆಲ್ಲ ಪೆಟ್ಟಿಗೆಯೊಳಗೆ ಅತ್ತೆಯ ಶತ್ರುಗಳು ಸಾಯುತ್ತಿದ್ದಾರೆ, ಸಾಯಬೇಡ್ರಪ್ಪಾ ಎಂದು ನಾನು ಬೇಡಿಕೊಳ್ಳುತ್ತಿದ್ದೇನೆ ಎಂಬುದು ಹೊಳೆದು ನಗುವೂ ಬಂತು, ಭಯವೂ ಆಯಿತು.

ವರದಿ ಬಂತು: ಉರಿಯೂತದ ಕೋಶಗಳು, ಕೆಟ್ಟುಹೋದ ಕೆಲವು ಕೋಶಗಳು, ಕ್ಯಾನ್ಸರಿನ ಗುರುತು ಇಲ್ಲ. ಮನೆಯವರಿಗೆಲ್ಲ ಸಂತೋಷ. ನಮ್ಮ ಚಿಕ್ಕಪ್ಪ ಅಲ್ಲಿಂದಲೇ ದೇವಸ್ಥಾನಕ್ಕೆ ಹೊರಟರು. ವೈದ್ಯೆ ಮಾತ್ರ ನಗಲಿಲ್ಲ. ‘ಇಲ್ಲ ಅಂತ ಬಂದಿಲ್ಲ. ಸಿಗಲಿಲ್ಲ ಅಂತ ಬಂದಿದೆ’ ಎಂದರು.

ಎಂ.ಎ. ಓದುವಾಗ ಭಾರತೀಯ ತತ್ತ್ವಶಾಸ್ತ್ರದ ಪತ್ರಿಕೆಯಲ್ಲಿ ಅನುಪಲಬ್ಧಿ ಎಂಬ ಪ್ರಮಾಣದ ಬಗ್ಗೆ ಐದು ಅಂಕದ ಟಿಪ್ಪಣಿ ಬರೆದಿದ್ದೆ. ನೆಲದ ಮೇಲೆ ಮಡಕೆ ಕಾಣುವುದಿಲ್ಲ, ಆದ್ದರಿಂದ ಮಡಕೆ ಇಲ್ಲ ಎಂದು ತಿಳಿಯುತ್ತೇವೆ. ಕಾಣದಿರುವುದೂ ಜ್ಞಾನಕ್ಕೆ ಒಂದು ದಾರಿ. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಇದನ್ನು ಒಪ್ಪುತ್ತಾರೆ. ಆದರೆ ಒಂದು ಷರತ್ತಿದೆ. ಮಡಕೆ ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಸ್ಥಿತಿ ಇರಬೇಕು. ಬೆಳಕಿರಬೇಕು, ಕಣ್ಣು ನೆಟ್ಟಗಿರಬೇಕು. ಇದಕ್ಕೆ ಯೋಗ್ಯಾನುಪಲಬ್ಧಿ ಎನ್ನುತ್ತಾರೆ. ಕತ್ತಲ ಕೋಣೆಗೆ ಹೋಗಿ ಮಡಕೆ ಕಾಣಲಿಲ್ಲ ಎಂದು ಬಂದವನು ಮಡಕೆ ಇಲ್ಲ ಎನ್ನುವಂತಿಲ್ಲ. ಐದು ಅಂಕಕ್ಕೆ ನಾಲ್ಕು ಬಂದಿತ್ತು. ಅದರ ಅರ್ಥ ತಿಳಿದದ್ದು ಆ ಆಸ್ಪತ್ರೆಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ.

ನಮ್ಮ ಕೋಣೆ ಕತ್ತಲಾಗಿತ್ತೇ? ಆಟೋ ತಡವಾದದ್ದರಿಂದಲೇ ಎಂದು ನಾನು ಎರಡು ರಾತ್ರಿ ನಿದ್ದೆ ಮಾಡಲಿಲ್ಲ. ಮೂರನೆಯ ದಿನ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗಿಯ ಹಾಗೆ, ಮೆಲ್ಲಗೆ ಹೇಳಿದರು: ‘ನಾನು ನಾಲ್ಕು ದಿನ ಮಾತ್ರೆ ತಗೊಂಡಿದ್ದೆ ಕಣೋ. ಡಬ್ಬೀಲಿ ಉಳಿದಿತ್ತು. ಪೇಪರ್ ಓದೋಕೂ ಆಗ್ತಿರ್ಲಿಲ್ಲ.’

ಏನು ಹೇಳಲಿ? ಬೈಯಲು ಬಾಯಿ ಬರಲಿಲ್ಲ. ನಿಜ ದೊಡ್ಡದು, ಅದಕ್ಕಾಗಿ ಎರಡು ವಾರ ಕುರುಡಾಗಿರು ಎಂದು ಇನ್ನೊಬ್ಬರಿಗೆ ಹೇಳುವುದು ನನ್ನಂಥವನಿಗೆ ಸುಲಭ. ಅಕ್ಷರವೇ ಬದುಕಾಗಿದ್ದವರ ಕಣ್ಣಮುಂದೆ ಅಕ್ಷರ ಕರಗುತ್ತಿದ್ದಾಗ, ಕರಗುವುದನ್ನು ತಡೆಯುವ ಮಾತ್ರೆ ಡಬ್ಬಿಯಲ್ಲೇ ಇದ್ದಾಗ, ನಾನಾಗಿದ್ದರೆ ಎಂಟು ದಿನ ನುಂಗುತ್ತಿದ್ದೆನೇನೋ. ನಿಜವೇ ಎಲ್ಲಕ್ಕಿಂತ ಮೇಲು ಎಂದು ಬರೆಯುವ ತತ್ತ್ವಜ್ಞಾನಿಗಳು ಈ ಡಬ್ಬಿಯನ್ನು ಎದುರಿಗಿಟ್ಟುಕೊಂಡು ಬರೆಯಬೇಕು.

ವೈದ್ಯೆಗೆ ಹೇಳಿದೆವು. ಅವರೂ ಬೈಯಲಿಲ್ಲ. ‘ಒಳ್ಳೇದಾಯ್ತು, ಈಗಲಾದ್ರೂ ಹೇಳಿದ್ರಲ್ಲ’ ಎಂದು ಮತ್ತೆ ದಿನ ಎಣಿಸಿದರು. ಎರಡನೆಯ ಸಲ ಎಡಗಣ್ಣು. ಈ ಸಲ ಮಾದರಿಯನ್ನು ಹಂಚಿ ಬೇರೆ ಬೇರೆ ಪರೀಕ್ಷೆಗೆ ಕಳಿಸಿದರು. ಒಂದೇ ಸಾಕ್ಷಿಯನ್ನು ನೆಚ್ಚುವಂತಿರಲಿಲ್ಲ. ಕೋಶಗಳನ್ನು ನೇರವಾಗಿ ನೋಡುವುದು ಒಂದು. ಇನ್ನೊಂದು, ಲೋಳೆಯಲ್ಲಿರುವ ಎರಡು ರಾಸಾಯನಿಕಗಳ ಹೋಲಿಕೆ: ಈ ಲಿಂಫೋಮಾದ ಕೋಶಗಳು ಇಂಟರ್‌ಲ್ಯೂಕಿನ್-10 ಎಂಬುದನ್ನು ಸುರಿಸುತ್ತವೆ, ಉರಿಯೂತದಲ್ಲಿ ಇಂಟರ್‌ಲ್ಯೂಕಿನ್-6 ಹೆಚ್ಚಿರುತ್ತದೆ. ಮೊದಲನೆಯದು ಎರಡನೆಯದನ್ನು ಮೀರಿದರೆ ಲಿಂಫೋಮಾದ ಅನುಮಾನ ಬಲವಾಗುತ್ತದೆ. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್‌ನಲ್ಲಿ ಚಿ-ಚಾವೊ ಚಾನ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಇದನ್ನು ತೋರಿಸಿಕೊಟ್ಟರು. ಮತ್ತೊಂದು, ಎಂವೈಡಿ88 ಎಂಬ ಜೀನಿನಲ್ಲಿ ಒಂದೇ ಒಂದು ಅಕ್ಷರದ ಬದಲಾವಣೆ ಇದೆಯೇ ಎಂದು ಹುಡುಕುವುದು. ಈ ಕಾಯಿಲೆಯ ಬಹಳಷ್ಟು ರೋಗಿಗಳಲ್ಲಿ ಅದು ಸಿಗುತ್ತದೆ. ಕೋಶ ಕೆಟ್ಟರೂ ಡಿಎನ್‌ಎ ಸ್ವಲ್ಪ ಉಳಿದಿರುವುದರಿಂದ ಕೋಶಗಳು ಕೈಕೊಟ್ಟಾಗ ಇದು ನೆರವಿಗೆ ಬರುತ್ತದೆ. ಇವುಗಳಲ್ಲಿ ಯಾವುದೂ ಒಂಟಿಯಾಗಿ ನಿಂತು ಪ್ರಮಾಣ ಮಾಡುವ ಸಾಕ್ಷಿಯಲ್ಲ. ಒಂದರ ಮಾತಿಗೆ ಇನ್ನೊಂದು ತಾಳೆಯಾಗಬೇಕು.

ತಾಳೆಯಾಯಿತು. ದೊಡ್ಡ, ಅಂಕುಡೊಂಕು ನ್ಯೂಕ್ಲಿಯಸ್ಸಿನ ಕೋಶಗಳು ಕಂಡವು. ಇಂಟರ್‌ಲ್ಯೂಕಿನ್-10 ಬಹಳ ಮೇಲಿತ್ತು. ಜೀನಿನ ಬದಲಾವಣೆಯೂ ಸಿಕ್ಕಿತು. ಮಿದುಳಿನ ಎಂ.ಆರ್.ಐ. ಮತ್ತು ಬೆನ್ನುಹುರಿಯ ನೀರು ಸದ್ಯಕ್ಕೆ ಶುದ್ಧ.

ಸುದ್ದಿ ಕೇಳಿದ ಸಂಜೆ ಮನೆಯಲ್ಲಿ ಎಲ್ಲರೂ ಅಳುತ್ತಿದ್ದರು, ಅತ್ತೆಯೊಬ್ಬರನ್ನು ಬಿಟ್ಟು. ಅವರ ಮುಖದಲ್ಲಿ ನಾನು ಕಂಡದ್ದು ನಿರಾಳವೇ. ಕ್ಯಾನ್ಸರ್ ಎಂಬ ಪದ ನಿರಾಳ ತರಬಲ್ಲದೆಂದು ನಾನು ಅಂದುಕೊಂಡಿರಲಿಲ್ಲ. ಹತ್ತು ತಿಂಗಳು ತಮ್ಮ ಕಣ್ಣನ್ನೇ ನಂಬಲಾಗದೆ ಇದ್ದವರಿಗೆ, ಗುಣವಾದಾಗಲೂ ನಂಬಲಾಗದೆ ಇದ್ದವರಿಗೆ, ಈಗ ಹೆಸರಿತ್ತು. ಹೆಸರು ಸಿಕ್ಕಿದ ಮಾತ್ರಕ್ಕೆ ದಾರಿ ನೇರವಾಗಲಿಲ್ಲ. ಕಣ್ಣಿಗೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಕೊಡುವುದೆಂದಾಯಿತು. ಮಿದುಳಿಗೆ ಹೋಗದಂತೆ ಇಡೀ ದೇಹಕ್ಕೂ ಈಗಲೇ ಔಷಧ ಕೊಡಬೇಕೇ ಎಂಬ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಅದನ್ನೂ ವೈದ್ಯೆ ಮುಚ್ಚಿಡಲಿಲ್ಲ.

ಹೋದ ತಿಂಗಳು ಶಿವಮೊಗ್ಗಕ್ಕೆ ಹೋಗಿದ್ದಾಗ ಇದನ್ನೆಲ್ಲ ಬರೆಯಲೇ ಎಂದು ಕೇಳಿದೆ. ಬರಿ, ಆದರೆ ಆ ಡಾಕ್ಟರರನ್ನು ಬೈದು ಬರೀಬೇಡ ಎಂದರು. ಊರಿನ ವೈದ್ಯರ ಮಾತು.

‘ಹಂತ ತಪ್ಪಿತ್ತಲ್ಲ ಅತ್ತೆ? ನೀವಾಗಿದ್ರೆ ಎಷ್ಟು ಅಂಕ ಕೊಡ್ತಿದ್ರಿ?’

ಸ್ವಲ್ಪ ಹೊತ್ತು ಯೋಚಿಸಿದರು. ‘ಮೊದಲ ಸಲಕ್ಕೆ ಪೂರ್ತಿ ಅಂಕ. ಎರಡನೇ ಸಲಕ್ಕೆ ಅರ್ಧ. ಮೂರನೇ ಸಲಕ್ಕೆ ಸೊನ್ನೆ.’ ಮತ್ತೆ ತಡೆದು, ‘ನಂಗೂ ಸೊನ್ನೆ. ಮಾತ್ರೆ ನುಂಗಿದ್ದಕ್ಕಲ್ಲ. ನಾನೂ ಒಂದ್ಸಲನೂ ಯಾಕೆ ಅಂತ ಕೇಳ್ಲಿಲ್ಲ ನೋಡು. ಕ್ಲಾಸಲ್ಲಿ ಮಾತ್ರ ದಿನಾ ಕೇಳ್ತಿದ್ದೆ.’

‘ಹಾಗಾದ್ರೆ ಆ ಒಂಬತ್ತು ತಿಂಗಳು ದಂಡ ಆಯ್ತು ಅಂತೀರಾ?’

‘ದಂಡ ಯಾಕೆ? ಆ ಒಂಬತ್ತು ತಿಂಗಳಲ್ಲಿ ಸುಮಾಳ ಮದುವೆ ಕಣ್ತುಂಬ ನೋಡಿದೀನಿ. ಅದು ಸುಳ್ಳಾ?’

ನಾನು ಸುಮ್ಮನಾದೆ. ಬರುವ ಮಂಗಳವಾರ ಮತ್ತೆ ಎಂ.ಆರ್.ಐ. ಇದೆ. ಬೆಳಗಿನ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ಕಿಟಕಿ ಪಕ್ಕದ ಸೀಟೇ ಆಗಬೇಕಂತೆ.